ಸಿಬ್ಬಂದಿಯ ದಾಖಲೆಯೂ ಸ್ವತಂತ್ರ ತಂತ್ರಾಂಶವೂ

ವಿದ್ಯಾಸಂಸ್ಥೆಯೊಂದರ ಸಂಪತ್ತೆಂದೊಡನೆ ಕಟ್ಟಡ, ಪೀಠೋಪಕರಣ, ಗ್ರಂಥಾಲಯ ಇವೇ ನಮ್ಮ ನೆನಪಿಗೆ ಬರುತ್ತವೆ. ಇವು ಕಣ್ಣಿಗೆ ಕಾಣುವಂಥವು. ವಾರ್ಷಿಕ ವರದಿಯಲ್ಲಿ ಇವುಗಳ ಪಟ್ಟಿಯೂ ಅಚ್ಚಾಗುತ್ತದೆ. ಆದರೆ ಕಚೇರಿಯ ಬೀರುವಿನಲ್ಲಿ ಯಾರ ಗಮನಕ್ಕೂ ಬಾರದೆ ಇರುವ ಸೇವಾಪುಸ್ತಕ, ಹಾಜರಿ ಪಟ್ಟಿ, ರಜೆಯ ಲೆಕ್ಕ, ವೇತನದ ರಿಜಿಸ್ಟರು ಇವೂ ಸಂಪತ್ತೇ. ಇವನ್ನು ಸಂಸ್ಥೆಯ ಆಸ್ತಿ ಎನ್ನುವುದಕ್ಕಿಂತ, ಅಲ್ಲಿ ದುಡಿಯುವವರು ನಂಬಿ ನಮ್ಮಲ್ಲಿರಿಸಿದ ಇಡುಗಂಟು ಎನ್ನುವುದೇ ಹೆಚ್ಚು ಸರಿ.

ಇಡುಗಂಟೆಂಬ ಮಾತು ಅತಿಶಯೋಕ್ತಿಯಲ್ಲ. ಸೇವೆಯಿಂದ ನಿವೃತ್ತರಾಗುವವರಿಗೆ ಸಲ್ಲುವ ಗ್ರ್ಯಾಚುಯಿಟಿಯನ್ನು ತೆಗೆದುಕೊಳ್ಳೋಣ. ತಿಂಗಳ ವೇತನವನ್ನು ೨೬ರಿಂದ ಭಾಗಿಸಿ ೧೫ರಿಂದ ಗುಣಿಸಿದರೆ ಸೇವೆಯ ಒಂದು ವರ್ಷಕ್ಕೆ ಸಲ್ಲುವ ಮೊತ್ತ ಬರುತ್ತದೆ. ಲೆಕ್ಕಕ್ಕೆ ಬರುವ ಕೊನೆಯ ವೇತನ ೧೩,೦೦೦ ರೂಪಾಯಿ ಇದ್ದವರಿಗೆ ವರ್ಷವೊಂದಕ್ಕೆ ೭,೫೦೦ ರೂಪಾಯಿ; ಇಪ್ಪತ್ತು ವರ್ಷಕ್ಕೆ ೧,೫೦,೦೦೦ ರೂಪಾಯಿ. ಸೇರಿದ ದಿನಾಂಕವು ದಾಖಲೆಯಲ್ಲಿ ಎರಡು ವರ್ಷ ತಪ್ಪಿದರೆ ಬಡ ನೌಕರನೊಬ್ಬನ ಹದಿನೈದು ಸಾವಿರ ರೂಪಾಯಿ ಹೋಯಿತು. ಒಂದು ಅಂಕೆಯ ತಪ್ಪಿಗೆ ಇಷ್ಟು ಬೆಲೆ.

ಈ ವಿಷಯವಾಗಿ ಬರೆಯಲು ನನಗೆ ಪ್ರೇರಣೆಯಾದ ಪ್ರಸಂಗವೊಂದುಂಟು. ಕೆಲವು ವರ್ಷಗಳ ಹಿಂದೆ ನಮ್ಮ ಸಂಘವು ತನ್ನ ಸಿಬ್ಬಂದಿಯ ಲೆಕ್ಕವನ್ನು ಬಾಡಿಗೆಯ ತಂತ್ರಾಂಶವೊಂದರಲ್ಲಿ ಇರಿಸಿತ್ತು. ತಲೆಯೊಂದಕ್ಕೆ ತಿಂಗಳಿಗಿಷ್ಟೆಂದು ಬಾಡಿಗೆ. ಮೂರನೆಯ ವರ್ಷ ಬಾಡಿಗೆ ಏರಿತು. ಅದನ್ನು ತೆರುವುದು ಸಂಘಕ್ಕೆ ಸಾಧ್ಯವಾಗಲಿಲ್ಲ. ಅವಧಿ ಮುಗಿದ ಮರುದಿನವೇ ಪ್ರವೇಶ ನಿಂತಿತು. ಎರಡು ಮೂರು ಪತ್ರ ಬರೆದ ಮೇಲೆ ನಮ್ಮ ಕೈಸೇರಿದ್ದು ಹೆಸರುಗಳೂ ಕೊನೆಯ ತಿಂಗಳ ವೇತನವೂ ಇದ್ದ ಒಂದು ಹಾಳೆ. ರಜೆಯ ಲೆಕ್ಕವಿಲ್ಲ, ಸೇರಿದ ದಿನಾಂಕವಿಲ್ಲ. ವಿದ್ಯಾರ್ಥಿನಿಲಯದಲ್ಲಿ ಅಡುಗೆ ಮಾಡುವ ಹಿರಿಯಾಕೆಯೊಬ್ಬರು ಕಚೇರಿಯ ಬಾಗಿಲಲ್ಲಿ ನಿಂತು, “ಮಾಷ್ಟ್ರೇ, ನಾನು ಇಲ್ಲಿಗೆ ಬಂದ ವರ್ಷ ನಿಮ್ಮ ಕಂಪ್ಯೂಟರಿಗೆ ಗೊತ್ತಿಲ್ಲವಾ?” ಎಂದು ಕೇಳಿದರು. ಉತ್ತರ ಕೊಡಲು ನನ್ನಲ್ಲಿ ಮಾತಿರಲಿಲ್ಲ. ಅಟ್ಟದ ಮೇಲಿದ್ದ ಹಳೆಯ ಮಸ್ಟರ್ ರೋಲಿನ ಕಟ್ಟುಗಳನ್ನು ಎರಡು ದಿನ ಬಿಚ್ಚಿ ಹುಡುಕಿದ ಮೇಲೆ ದಿನಾಂಕ ಸಿಕ್ಕಿತು. ತಪ್ಪನ್ನೆಲ್ಲ ಬಾಡಿಗೆಗೆ ಕೊಟ್ಟವರ ಮೇಲೆ ಹೊರಿಸುವುದು ಸುಲಭ. ಆದರೆ ಕರಾರನ್ನು ಪೂರ್ತಿ ಓದದೆ ಸಹಿ ಹಾಕಿದವರು ನಾವು.

ಅನುದಾನಿತ ಶಾಲೆಯ ಅಧ್ಯಾಪಕರಿಗೆ ಈ ಚಿಂತೆ ಅಷ್ಟಾಗಿ ಇಲ್ಲ. ಕೇರಳ ಸರಕಾರದ ‘ಸ್ಪಾರ್ಕ್’ ವ್ಯವಸ್ಥೆಯಲ್ಲಿ ಅವರಿಗೆ ‘ಪೆನ್’ ಎಂಬ ಶಾಶ್ವತ ಸಂಖ್ಯೆಯಿದೆ. ವೇತನವೂ ಸೇವಾವಿವರವೂ ಅಲ್ಲಿಯೇ ನಡೆಯುತ್ತವೆ. ಆದರೆ ಸಂಘವೇ ನೇಮಿಸಿಕೊಂಡ ಶಿಶುವಿಹಾರದ ಅಧ್ಯಾಪಿಕೆಯರು, ಬಸ್ಸಿನ ಚಾಲಕರು, ಅಡುಗೆಯವರು, ಕಾವಲುಗಾರರು ಇವರ ದಾಖಲೆಯ ಹೊಣೆ ಸಂಘದ್ದೇ. ಇಂಥ ಸಂಘಗಳಿಗೂ ಸಣ್ಣ ಕಾರ್ಖಾನೆಗಳಿಗೂ ಸಹಕಾರಿ ಸಂಘಗಳಿಗೂ ಇಂದು ಮೂರು ದಾರಿಗಳಿವೆ: ತಂತ್ರಾಂಶವನ್ನು ಬಾಡಿಗೆಗೆ ಪಡೆದು ದಾಖಲೆಯನ್ನು ಪರರ ಸರ್ವರಿನಲ್ಲಿ ಇಡುವುದು, ಮುಚ್ಚಿದ ತಂತ್ರಾಂಶವನ್ನು ಕ್ರಯಕ್ಕೆ ಕೊಳ್ಳುವುದು, ಸ್ವತಂತ್ರ ಪರವಾನಗಿಯ ತಂತ್ರಾಂಶವನ್ನು ತಂದು ತಾನೇ ನಡೆಸುವುದು. ಮೂರನೆಯ ದಾರಿಯಲ್ಲಿ ಎರಡು ಬೇರೆ ಬೇರೆ ವಿಷಯಗಳು ಕೂಡಿವೆ. ಒಂದು ಪರವಾನಗಿ, ಇನ್ನೊಂದು ಪಾಲನೆ. ಇವೆರಡನ್ನೂ ಒಂದೇ ಎಂದು ತಿಳಿಯುವುದರಿಂದಲೇ ಅನೇಕ ಸಂಸ್ಥೆಗಳು ಎಡವುತ್ತವೆ. ಆದಕಾರಣ ಇವನ್ನು ಬೇರೆ ಬೇರೆಯಾಗಿ ವಿಚಾರಿಸೋಣ.

ಮೊದಲು ಪರವಾನಗಿ. ನಮ್ಮ ದೇಶದ ೧೯೫೭ರ ಕೃತಿಸ್ವಾಮ್ಯ ಕಾಯಿದೆಗೆ ೧೯೮೪ರಲ್ಲಿ ಆದ ತಿದ್ದುಪಡಿಯಂತೆ ಗಣಕಯಂತ್ರದ ಕಾರ್ಯಕ್ರಮವೂ ‘ಸಾಹಿತ್ಯ ಕೃತಿ’ಯೆನಿಸಿತು. ಕಾದಂಬರಿಯೊಂದನ್ನು ಲೇಖಕನ ಅಪ್ಪಣೆಯಿಲ್ಲದೆ ಅಚ್ಚು ಮಾಡಬಾರದೆಂಬುದು ಹೇಗೋ, ತಂತ್ರಾಂಶವನ್ನು ಅದರ ಒಡೆಯನ ಅಪ್ಪಣೆಯಿಲ್ಲದೆ ಪ್ರತಿಮಾಡಬಾರದೆಂಬುದೂ ಹಾಗೆಯೇ. ಆ ಅಪ್ಪಣೆಯ ಬರಹವೇ ಪರವಾನಗಿ. ಆದ್ದರಿಂದ ‘ಸ್ವತಂತ್ರ ತಂತ್ರಾಂಶ’ವೆಂದರೆ ಒಡೆಯನಿಲ್ಲದ್ದೆಂದು ಅರ್ಥವಲ್ಲ, ಒಡೆಯನೇ ಉದಾರವಾದ ಅಪ್ಪಣೆಯನ್ನು ಎಲ್ಲರಿಗೂ ಬರೆದುಕೊಟ್ಟದ್ದೆಂದು ಅರ್ಥ.

ತಂತ್ರಾಂಶಕ್ಕೆ ಎರಡು ರೂಪಗಳುಂಟು. ಮನುಷ್ಯನು ಓದಿ ತಿದ್ದಬಲ್ಲ ಮೂಲಬರಹ ಒಂದು. ಇದನ್ನು ಸೋರ್ಸ್ ಕೋಡ್ ಎನ್ನುತ್ತಾರೆ. ಯಂತ್ರವು ನಡೆಸುವ ರೂಪ ಇನ್ನೊಂದು. ನಮ್ಮ ಸೀಮೆಯವರಿಗೆ ಇದನ್ನು ಯಕ್ಷಗಾನದಿಂದ ತಿಳಿಸಬಹುದು. ರಂಗಸ್ಥಳದ ಮುಂದೆ ಕುಳಿತು ಆಟ ನೋಡುವುದು ಒಂದು. ಭಾಗವತನ ಕೈಯಲ್ಲಿರುವ ಪ್ರಸಂಗದ ಪುಸ್ತಕವೇ ನಮ್ಮ ಕೈಗೆ ಬರುವುದು ಇನ್ನೊಂದು. ಕುಂಬಳೆಯ ಪಾರ್ತಿಸುಬ್ಬನ ಹೆಸರಿನ ಪ್ರಸಂಗಗಳನ್ನು ತಲೆತಲಾಂತರದಿಂದ ಹಲವು ಮೇಳಗಳು ಆಡಿವೆ. ರಾತ್ರಿಯ ಹೊತ್ತಿಗೂ ಕಲಾವಿದರ ಬಲಕ್ಕೂ ತಕ್ಕಂತೆ ಪದ್ಯಗಳನ್ನು ಆಯ್ದುಕೊಂಡಿವೆ, ಹಿಗ್ಗಿಸಿವೆ, ಕುಗ್ಗಿಸಿವೆ. ಪ್ರಸಂಗದ ಪಠ್ಯ ಕೈಯಲ್ಲಿದ್ದುದರಿಂದಲೇ ಇದು ಸಾಧ್ಯವಾಯಿತು. ಮುಚ್ಚಿದ ತಂತ್ರಾಂಶವು ಆಟವನ್ನು ಮಾತ್ರ ತೋರಿಸುತ್ತದೆ. ಸ್ವತಂತ್ರ ತಂತ್ರಾಂಶವು ಪಠ್ಯವನ್ನೂ ಕೊಡುತ್ತದೆ.

ಈ ತತ್ತ್ವಕ್ಕೆ ಕಾನೂನಿನ ಬಲವನ್ನು ಒದಗಿಸಿದವರು ಅಮೆರಿಕದ ರಿಚರ್ಡ್ ಸ್ಟಾಲ್‌ಮನ್. ಎಂ.ಐ.ಟಿ.ಯ ಪ್ರಯೋಗಾಲಯದಲ್ಲಿ ಅವರು ಕೆಲಸ ಮಾಡುತ್ತಿದ್ದಾಗ ಅಲ್ಲಿಗೆ ಹೊಸ ಮುದ್ರಣಯಂತ್ರವೊಂದು ಬಂದಿತು. ಹಳೆಯ ಯಂತ್ರದಲ್ಲಿ ಕಾಗದ ಸಿಕ್ಕಿಹಾಕಿಕೊಂಡರೆ, ಕಾಯುತ್ತಿದ್ದವರಿಗೆಲ್ಲ ಸೂಚನೆ ಹೋಗುವಂತೆ ಅವರು ತಂತ್ರಾಂಶವನ್ನು ತಿದ್ದಿದ್ದರು. ಹೊಸ ಯಂತ್ರದ ಮೂಲಬರಹ ಅವರಿಗೆ ದೊರೆಯಲಿಲ್ಲ. ಅದನ್ನು ಇಟ್ಟುಕೊಂಡಿದ್ದ ಸಂಶೋಧಕರೊಬ್ಬರು, ಯಾರಿಗೂ ಕೊಡುವುದಿಲ್ಲವೆಂದು ತಾವು ಕರಾರು ಮಾಡಿಕೊಂಡಿರುವುದಾಗಿ ತಿಳಿಸಿ ನಿರಾಕರಿಸಿದರು. ಇಂಥ ಅನುಭವಗಳಿಂದ ನೊಂದ ಸ್ಟಾಲ್‌ಮನ್ನರು ೧೯೮೩ರಲ್ಲಿ ‘ಗ್ನು’ ಯೋಜನೆಯನ್ನು ಸಾರಿದರು, ೧೯೮೫ರಲ್ಲಿ ಫ್ರೀ ಸಾಫ್ಟ್‌ವೇರ್ ಫೌಂಡೇಶನನ್ನು ಸ್ಥಾಪಿಸಿದರು, ೧೯೮೯ರಲ್ಲಿ ಜಿ.ಪಿ.ಎಲ್. ಎಂಬ ಪರವಾನಗಿಯ ಮೊದಲ ಆವೃತ್ತಿ ಪ್ರಕಟವಾಯಿತು. ಎರಡನೆಯದು ೧೯೯೧ರಲ್ಲಿ, ಮೂರನೆಯದು ೨೦೦೭ರಲ್ಲಿ ಬಂದವು.

ಈ ಪರವಾನಗಿಯು ಬಳಕೆದಾರನಿಗೆ ನಾಲ್ಕು ಸ್ವಾತಂತ್ರ್ಯಗಳನ್ನು ಕೊಡುತ್ತದೆ: ಯಾವ ಉದ್ದೇಶಕ್ಕಾದರೂ ನಡೆಸುವುದು, ಮೂಲಬರಹವನ್ನು ಅಭ್ಯಸಿಸಿ ತಿದ್ದುವುದು, ಪ್ರತಿಗಳನ್ನು ಹಂಚುವುದು, ತಿದ್ದಿದ ಪ್ರತಿಗಳನ್ನೂ ಹಂಚುವುದು. ಇಲ್ಲಿ ಹೇಳಿರುವುದು ಸ್ವಾತಂತ್ರ್ಯವನ್ನು, ಕ್ರಯವನ್ನಲ್ಲ. ಹಣ ಪಡೆದು ಮಾರುವುದಕ್ಕೂ ಅಡ್ಡಿಯಿಲ್ಲ. ೧೯೯೮ರಿಂದ ‘ಓಪನ್ ಸೋರ್ಸ್’ ಎಂಬ ಹೆಸರೂ ಬಳಕೆಗೆ ಬಂದಿತು. ಆ ಹೆಸರಿನವರು ಪ್ರಯೋಜನವನ್ನು ಮುಂದಿಟ್ಟರು, ಈ ಹೆಸರಿನವರು ನೀತಿಯನ್ನು ಮುಂದಿಟ್ಟರು. ಪರವಾನಗಿಗಳು ಬಹುಮಟ್ಟಿಗೆ ಅವೇ.

ಪರವಾನಗಿಗಳಲ್ಲಿ ಮುಖ್ಯವಾಗಿ ಎರಡು ಬಗೆ. ಎಂ.ಐ.ಟಿ., ಬಿ.ಎಸ್.ಡಿ., ಅಪಾಚೆ ಮೊದಲಾದವು ಸಡಿಲವಾದವು: ತೆಗೆದುಕೊಂಡವನು ತನ್ನ ಮುಚ್ಚಿದ ತಂತ್ರಾಂಶದೊಳಗೂ ಅದನ್ನು ಸೇರಿಸಿಕೊಳ್ಳಬಹುದು, ಮೂಲಕರ್ತನ ಹೆಸರನ್ನೂ ಪರವಾನಗಿಯ ಮಾತನ್ನೂ ಉಳಿಸಿದರಾಯಿತು. ಜಿ.ಪಿ.ಎಲ್. ಹಾಗಲ್ಲ: ತಿದ್ದಿ ಇನ್ನೊಬ್ಬರಿಗೆ ಕೊಡುವವನು ಮೂಲಬರಹವನ್ನೂ ಅದೇ ಪರವಾನಗಿಯಲ್ಲಿಯೇ ಕೊಡಬೇಕು. ತಾನು ಪಡೆದ ಸ್ವಾತಂತ್ರ್ಯವನ್ನು ಮುಂದಿನವನಿಗೂ ದಾಟಿಸಬೇಕೆಂಬುದೇ ಅದರ ನಿಬಂಧನೆ. ಪ್ರತಿಯನ್ನು ಕೊಡದೆ, ಅಂತರಜಾಲದ ಮೂಲಕ ಬಳಸಲು ಮಾತ್ರ ಬಿಟ್ಟರೆ ಜಿ.ಪಿ.ಎಲ್. ನಿಬಂಧನೆ ತಗಲುವುದಿಲ್ಲ. ಈ ಸಂದನ್ನು ಮುಚ್ಚುವುದಕ್ಕಾಗಿ ೨೦೦೭ರಲ್ಲಿಯೇ ಎ.ಜಿ.ಪಿ.ಎಲ್. ಮೂರನೆಯ ಆವೃತ್ತಿ ಹುಟ್ಟಿತು. ಅದರಂತೆ ತಿದ್ದಿದ ತಂತ್ರಾಂಶವನ್ನು ಜಾಲದ ಮೂಲಕ ಬಳಸುವವರಿಗೂ ಮೂಲಬರಹ ದೊರೆಯುವಂತಿರಬೇಕು.

ಇನ್ನು ನಮ್ಮ ಕೆಲಸಕ್ಕೆ ಬರುವ ಉದಾಹರಣೆಯನ್ನು ನೋಡೋಣ. ಮುಂಬಯಿಯ ರುಷಭ್ ಮೆಹ್ತಾ ಎಂಬವರು ತಮ್ಮ ಕುಟುಂಬದ ಉದ್ಯಮಕ್ಕೆ ಒಗ್ಗುವ ಲೆಕ್ಕದ ತಂತ್ರಾಂಶ ದೊರೆಯದೆ, ೨೦೦೮ರ ಸುಮಾರಿಗೆ ತಾವೇ ಕಟ್ಟತೊಡಗಿದ್ದು ‘ಇ.ಆರ್.ಪಿ. ನೆಕ್ಸ್ಟ್’. ಅದರ ಸಿಬ್ಬಂದಿ ವಿಭಾಗವು ೨೦೨೨ರಲ್ಲಿ ಬೇರ್ಪಟ್ಟು ‘ಫ್ರಾಪೆ ಎಚ್.ಆರ್.’ ಆಯಿತು. ಎರಡೂ ಜಿ.ಪಿ.ಎಲ್. ಮೂರನೆಯ ಆವೃತ್ತಿಯಲ್ಲಿವೆ. ನೇಮಕ, ಹಾಜರಿ, ಪಾಳಿ, ರಜೆ, ಮುಂಗಡ, ಖರ್ಚಿನ ಬೇಡಿಕೆ, ವೇತನದ ಚೀಟಿ, ಗ್ರ್ಯಾಚುಯಿಟಿಯ ಲೆಕ್ಕ ಇವೆಲ್ಲ ಅದರಲ್ಲಿವೆ. ಇದೇ ಬಗೆಯ ‘ಆರೆಂಜ್ ಎಚ್.ಆರ್.ಎಂ.’ ಕೂಡ ಜಿ.ಪಿ.ಎಲ್.ನಲ್ಲಿ ದೊರೆಯುತ್ತದೆ. ಆದರೆ ‘ಓಪನ್ ಸೋರ್ಸ್’ ಎಂಬ ಹೆಸರುಹಲಗೆಯನ್ನು ಕಂಡೊಡನೆ ಒಳಗಿನ ಕೋಣೆಗಳೆಲ್ಲ ತೆರೆದಿವೆಯೆಂದು ಭಾವಿಸಕೂಡದು. ಬೆಲ್ಜಿಯಂ ದೇಶದ ‘ಓಡೂ’ ಎಂಬ ತಂತ್ರಾಂಶದ ಸಮುದಾಯ ಆವೃತ್ತಿ ಎಲ್.ಜಿ.ಪಿ.ಎಲ್. ಪರವಾನಗಿಯಲ್ಲಿದೆ, ವೇತನ ಲೆಕ್ಕದ ಭಾಗವು ಮಾತ್ರ ಹಣ ತೆತ್ತು ಪಡೆಯಬೇಕಾದ ಮುಚ್ಚಿದ ಆವೃತ್ತಿಯಲ್ಲಿದೆ. ಇದರಲ್ಲಿ ಮೋಸವೇನೂ ಇಲ್ಲ. ಕೇಳಿ ತಿಳಿದುಕೊಳ್ಳುವುದು ನಮ್ಮ ಕರ್ತವ್ಯ.

ಆಡಳಿತ ಮಂಡಳಿಯ ಸಭೆಗಳಲ್ಲಿ ಸಾಮಾನ್ಯವಾಗಿ ಏಳುವ ಶಂಕೆಗಳಿಗೆ ಇಲ್ಲಿಯೇ ಸಮಾಧಾನ ಹೇಳಬಹುದು. ‘ಮೂಲಬರಹ ತೆರೆದಿದ್ದರೆ ನಮ್ಮ ಸಿಬ್ಬಂದಿಯ ವೇತನವೂ ಲೋಕಕ್ಕೆ ತಿಳಿಯುವುದಲ್ಲವೆ?’ ಇಲ್ಲ. ತೆರೆದಿರುವುದು ಪೆಟ್ಟಿಗೆಯನ್ನು ಮಾಡುವ ಬಗೆ, ಪೆಟ್ಟಿಗೆಯೊಳಗಿನ ಕಾಗದವಲ್ಲ. ‘ನಾವು ಮಾಡಿಕೊಂಡ ಮಾರ್ಪಾಡನ್ನು ಪ್ರಕಟಿಸಬೇಕೆ?’ ಜಿ.ಪಿ.ಎಲ್. ತಂತ್ರಾಂಶವನ್ನು ನಮ್ಮಲ್ಲಿಯೇ ಬಳಸುವಷ್ಟು ಕಾಲ ಬೇಕಿಲ್ಲ. ನಮಗಾಗಿ ಮಾತ್ರ ತಿದ್ದಿಕೊಡಲೆಂದು ಕೂಲಿಗೆ ಕರೆದ ತಂತ್ರಜ್ಞನಿಗೆ ಪ್ರತಿಯನ್ನು ಒಪ್ಪಿಸುವುದಕ್ಕೂ ಮೂರನೆಯ ಆವೃತ್ತಿ ಅವಕಾಶ ಕೊಟ್ಟಿದೆ. ಆದರೆ ತಿದ್ದಿದ ಪ್ರತಿಯನ್ನು ನೆರೆಯ ಶಾಲೆಗೆ ಕೊಟ್ಟರೆ ಮೂಲಬರಹವನ್ನೂ ಕೊಡಬೇಕು. ‘ಲೆಕ್ಕ ತಪ್ಪಿದರೆ ಯಾರು ಹೊಣೆ?’ ಕಾನೂನು ಅವಕಾಶ ಕೊಡುವಷ್ಟರ ಮಟ್ಟಿಗೆ ಯಾವ ಖಾತರಿಯೂ ಇಲ್ಲವೆಂದು ಪರವಾನಗಿಯಲ್ಲಿಯೇ ಬರೆದಿದೆ. ಹೊಣೆ ಬೇಕಾದವರು ಬೇರೆ ಕರಾರಿನಿಂದ, ಹಣ ತೆತ್ತು, ಅದನ್ನು ಪಡೆಯಬೇಕು.

ಹಾಗಾದರೆ ಪರವಾನಗಿಯಿಂದ ಬರುವ ದೊಡ್ಡ ಲಾಭ ಯಾವುದು? ಕಂಪೆನಿ ಕೈಬದಲಾದರೂ, ಮುಚ್ಚಿಹೋದರೂ, ನಮ್ಮ ಕೈಯಲ್ಲಿರುವ ಪ್ರತಿಯನ್ನು ನಿಬಂಧನೆ ಮೀರದೆ ಬಳಸುವವರೆಗೆ ಯಾರೂ ಹಿಂದಕ್ಕೆ ಪಡೆಯಲಾರರೆಂಬುದು. ಇದು ಬರಿಯ ಊಹೆಯಲ್ಲ. ಮೈ ಎಸ್‌ಕ್ಯೂಎಲ್ ಎಂಬ ದತ್ತಸಂಚಯ ತಂತ್ರಾಂಶವನ್ನು ೨೦೦೮ರಲ್ಲಿ ಸನ್ ಕಂಪೆನಿ ಕೊಂಡಿತು. ಸನ್ ಕಂಪೆನಿಯನ್ನೇ ಒರಾಕಲ್ ಕೊಂಡ ವ್ಯವಹಾರವು ೨೦೧೦ರಲ್ಲಿ ಮುಗಿಯಿತು. ಮುಂದೇನಾಗುವುದೋ ಎಂಬ ಕಳವಳದಿಂದ ಅದರ ಕರ್ತೃಗಳಲ್ಲೊಬ್ಬರಾದ ಮೈಕೆಲ್ ವಿಡೇನಿಯಸ್, ಜಿ.ಪಿ.ಎಲ್. ಕೊಟ್ಟ ಹಕ್ಕಿನಿಂದಲೇ ೨೦೦೯ರಲ್ಲಿ ಅದರಿಂದ ಹೊಸ ಕವಲೊಂದನ್ನು ಹೊರಡಿಸಿದರು. ಮೊದಲನೆಯದಕ್ಕೆ ಹಿರಿಯ ಮಗಳು ‘ಮೈ’ಯ ಹೆಸರು, ಎರಡನೆಯದಕ್ಕೆ ಕಿರಿಯ ಮಗಳು ‘ಮರಿಯಾ’ಳ ಹೆಸರು. ಆ ‘ಮರಿಯಾ ಡಿ.ಬಿ.’ಯಲ್ಲಿಯೇ ಇಂದು ಫ್ರಾಪೆ ಎಚ್.ಆರ್. ಬಳಸುವವರ ದಾಖಲೆಗಳು ನೆಲೆಸುತ್ತವೆ. ಒಡೆತನ ಬದಲಾಯಿತು, ಕೆಲಸ ನಿಲ್ಲಲಿಲ್ಲ.

ಈಗ ಎರಡನೆಯ ವಿಷಯವಾದ ಪಾಲನೆ. ತಂತ್ರಾಂಶವನ್ನು ನಮ್ಮದೇ ಯಂತ್ರದಲ್ಲಿ ಸ್ಥಾಪಿಸಿ ನಾವೇ ನಡೆಸುವುದಕ್ಕೆ ‘ಸೆಲ್ಫ್ ಹೋಸ್ಟಿಂಗ್’ ಎನ್ನುತ್ತಾರೆ. ಸ್ವಂತ ಬಾವಿಯಿದ್ದಂತೆ ಇದು. ನೀರಿಗೆ ಯಾರನ್ನೂ ಬೇಡಬೇಕಿಲ್ಲ, ಆದರೆ ಹೂಳು ತೆಗೆಯುವವರೂ ನಾವೇ. ನಾಲ್ಕು ಗಿಗಾಬೈಟ್ ಸ್ಮೃತಿಯೂ ಲಿನಕ್ಸ್ ವ್ಯವಸ್ಥೆಯೂ ಇರುವ ಸಾಧಾರಣ ಯಂತ್ರವೊಂದು ಸಣ್ಣ ಸಂಸ್ಥೆಗೆ ಸಾಕಾಗುತ್ತದೆ. ಯಂತ್ರ ತರುವುದು ಕಷ್ಟವಲ್ಲ. ಅದನ್ನು ವರ್ಷವಿಡೀ ನೋಡಿಕೊಳ್ಳುವುದೇ ಕಷ್ಟ.

ನಮ್ಮ ಕರಾವಳಿಯಲ್ಲಿ ಮಳೆಗಾಲದ ವಿದ್ಯುತ್ ಕಡಿತವೂ ತುಲಾಮಾಸದ ಸಿಡಿಲೂ ಯಂತ್ರಗಳಿಗೆ ಶತ್ರುಗಳು. ಆದ್ದರಿಂದ ಯು.ಪಿ.ಎಸ್. ಬೇಕು, ನೆಲಸಂಪರ್ಕ ಸರಿಯಾಗಿರಬೇಕು. ಇದಕ್ಕಿಂತಲೂ ಮುಖ್ಯವಾದುದು ಬ್ಯಾಕಪ್, ಅಂದರೆ ಮರುಪ್ರತಿ. ಫ್ರಾಪೆ ವ್ಯವಸ್ಥೆಯು ಮರುಪ್ರತಿಯನ್ನು ಮಾಡಿಡುತ್ತದೆ, ನಿಜ. ಆದರೆ ಬೇರೆ ಏರ್ಪಾಡು ಮಾಡದಿದ್ದರೆ ಅದು ಅದೇ ಯಂತ್ರದೊಳಗೇ ಉಳಿಯುತ್ತದೆ. ಯಂತ್ರ ಸುಟ್ಟರೆ ಮೂಲವೂ ಹೋಯಿತು, ಪ್ರತಿಯೂ ಹೋಯಿತು. ಇನ್ನೊಂದು ಸೂಕ್ಷ್ಮವುಂಟು: ಬರಿಯ ‘ಬೆಂಚ್ ಬ್ಯಾಕಪ್’ ಆಜ್ಞೆಯು ದತ್ತಸಂಚಯವನ್ನು ಮಾತ್ರ ಪ್ರತಿಮಾಡುತ್ತದೆ, ಪ್ರಮಾಣಪತ್ರಗಳ ಚಿತ್ರ, ನೇಮಕದ ಆದೇಶ ಮೊದಲಾದ ಲಗತ್ತುಗಳು ಬೇಕಾದರೆ ಕಡತಗಳನ್ನೂ ಸೇರಿಸೆಂದು ಪ್ರತ್ಯೇಕವಾಗಿ ಹೇಳಬೇಕು. ಉಳಿಸಿಟ್ಟ ಗುಪ್ತಪದಗಳನ್ನು ಬಿಡಿಸುವ ಬೀಗದಂಕೆ ಇನ್ನೊಂದು ಕಡತದಲ್ಲಿದೆ, ಅದನ್ನೂ ಜೋಪಾನವಾಗಿಡಬೇಕು. ಅನುಭವಿಗಳು ಹೇಳುವ ಸೂತ್ರ ಇದು: ದಾಖಲೆಯ ಪ್ರತಿ ಮೂರು, ಇಡುವ ಸಾಧನ ಎರಡು ಬಗೆಯವು, ಅವುಗಳಲ್ಲಿ ಒಂದು ಪ್ರತಿ ಬೇರೆ ಊರಿನಲ್ಲಿ ಅಥವಾ ಬೇರೆ ಕಟ್ಟಡದಲ್ಲಿ. ಮೂರು ತಿಂಗಳಿಗೊಮ್ಮೆಯಾದರೂ ಆ ಪ್ರತಿಯಿಂದ ಬೇರೊಂದು ಯಂತ್ರದಲ್ಲಿ ದಾಖಲೆಯನ್ನು ಮತ್ತೆ ಎಬ್ಬಿಸಿ ನೋಡಬೇಕು. ಎಬ್ಬಿಸಿ ನೋಡದ ಮರುಪ್ರತಿಯನ್ನು ಮರುಪ್ರತಿಯೆಂದು ನಂಬುವುದು ಅವಿವೇಕ.

ಭದ್ರತೆಯ ವಿಷಯವೂ ಹಾಗೆಯೇ. ತಿದ್ದುಪಡಿಗಳು ಬಂದಾಗ ಹಾಕಿಕೊಳ್ಳಬೇಕು. ಕಚೇರಿಯ ಒಳಗಿನ ಜಾಲದಲ್ಲಿಯೇ ಕೆಲಸ ನಡೆಯುವುದಾದರೆ ಯಂತ್ರವನ್ನು ಅಂತರಜಾಲಕ್ಕೆ ತೆರೆದಿಡುವ ಅಗತ್ಯವೇ ಇಲ್ಲ. ಗುಮಾಸ್ತರು, ಮುಖ್ಯೋಪಾಧ್ಯಾಯರು, ಕೋಶಾಧಿಕಾರಿಗಳು ಒಂದೇ ಗುಪ್ತಪದವನ್ನು ಹಂಚಿಕೊಳ್ಳಬಾರದು. ಯಾರು ಏನನ್ನು ತಿದ್ದಿದರೆಂಬುದು ಗೊತ್ತಾಗಬೇಕು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾಯಿದೆ ೨೦೨೩ರಲ್ಲಿ ಬಂದಿದೆ. ೨೦೨೫ರ ನವೆಂಬರಿನಲ್ಲಿ ಅದರ ನಿಯಮಗಳು, ಹಂತಹಂತವಾಗಿ ಜಾರಿಗೆ ಬರುವಂತೆ, ಪ್ರಕಟವಾದವು. ತಕ್ಕ ರಕ್ಷಣೆಯ ಏರ್ಪಾಡು ಮಾಡದಿದ್ದರೆ ೨೫೦ ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಲು ಅದರಲ್ಲಿ ಅವಕಾಶವಿದೆ. ದಾಖಲೆಯನ್ನು ಇನ್ನೊಬ್ಬರಿಗೆ ವಹಿಸಿದ ಮಾತ್ರಕ್ಕೆ ಮೂಲ ಸಂಸ್ಥೆಯ ಹೊಣೆ ತಪ್ಪುವುದಿಲ್ಲವೆಂಬುದನ್ನೂ ನೆನಪಿಡಬೇಕು.

ಇಷ್ಟೆಲ್ಲ ಓದಿದ ಮೇಲೆ, ‘ಇದು ನಮ್ಮಿಂದಾಗದು, ಬಾಡಿಗೆಯೇ ಲೇಸು’ ಎಂದು ಕೆಲವರಿಗೆ ತೋರಬಹುದು. ಅವರಿಗೆ ನನ್ನ ಉತ್ತರವಿದು: ಪಾಲನೆಯನ್ನು ಬೇಕಾದರೆ ಕೂಲಿಗೆ ಕೊಡಿ, ಪರವಾನಗಿಯ ಸ್ವಾತಂತ್ರ್ಯವನ್ನು ಬಿಡಬೇಡಿ. ಸ್ವತಂತ್ರ ತಂತ್ರಾಂಶವನ್ನೇ ಬೇರೆಯವರ ಸರ್ವರಿನಲ್ಲಿ, ಅವರ ಮೇಲ್ವಿಚಾರಣೆಯಲ್ಲಿ ನಡೆಸಬಹುದು. ಹಾಗೆ ನಡೆಸಿಕೊಡುವವರು ಹಲವರಿದ್ದಾರೆ. ವಾರವಾರವೂ ಪೂರ್ತಿ ಮರುಪ್ರತಿಯನ್ನು ಮಾತ್ರ ನಮ್ಮ ಬೀರುವಿಗೆ ತಂದಿಟ್ಟುಕೊಳ್ಳಬೇಕು. ನಡೆಸುವವರೊಡನೆ ಹೊಂದಿಕೆಯಾಗದಿದ್ದರೆ ಅದೇ ತಂತ್ರಾಂಶವನ್ನು ಇನ್ನೊಬ್ಬರಲ್ಲಿ ಸ್ಥಾಪಿಸಿ, ಅದೇ ದಾಖಲೆಯನ್ನು ಅಲ್ಲಿ ಎಬ್ಬಿಸಬಹುದು. ಮುಚ್ಚಿದ ಬಾಡಿಗೆ ತಂತ್ರಾಂಶದಲ್ಲಿ ಈ ದಾರಿಯಿಲ್ಲ. ದಾಖಲೆ ಕೈಗೆ ಬಂದರೂ ಅದನ್ನು ನಡೆಸುವ ತಂತ್ರಾಂಶ ಬರುವುದಿಲ್ಲ. ದುಡಿಯುವವರು ಹತ್ತೇ ಮಂದಿ ಇದ್ದು, ಯಂತ್ರ ನೋಡಿಕೊಳ್ಳುವವರು ಯಾರೂ ಇಲ್ಲದಿದ್ದರೆ, ಚೆನ್ನಾಗಿ ಬರೆದಿಟ್ಟ ಕಾಗದದ ಪುಸ್ತಕವೂ ಕೆಟ್ಟದ್ದಲ್ಲ. ನಮ್ಮ ಅಡುಗೆಯಾಕೆಯ ದಿನಾಂಕವನ್ನು ಕೊಟ್ಟದ್ದು ಆ ಕಾಗದವೇ ಅಲ್ಲವೆ?

ಯಾವ ಸಂಘವೇ ಆಗಲಿ, ಸಹಿ ಹಾಕುವ ಮುನ್ನ ಈ ಐದು ಪ್ರಶ್ನೆಗಳನ್ನು ಕೇಳುವುದು ಒಳಿತು. ಪರವಾನಗಿಯ ಹೆಸರೇನು, ವೇತನದ ಭಾಗವೂ ಅದರೊಳಗೆ ಬರುತ್ತದೆಯೆ? ಪೂರ್ತಿ ದಾಖಲೆಯನ್ನು ನಾವಾಗಿಯೇ ಯಾವಾಗ ಬೇಕಾದರೂ ಹೊರತೆಗೆಯಬಹುದೆ? ಮರುಪ್ರತಿ ಎಲ್ಲಿದೆ, ಅದನ್ನು ಕೊನೆಯ ಸಲ ಎಬ್ಬಿಸಿ ನೋಡಿದ್ದು ಯಾವಾಗ? ನೋಡಿಕೊಳ್ಳುವವರು ಬಿಟ್ಟುಹೋದರೆ ಗುಪ್ತಪದವೂ ಕ್ರಮದ ಟಿಪ್ಪಣಿಯೂ ಇನ್ನೊಬ್ಬರಲ್ಲಿ ಇವೆಯೆ? ಕರಾರು ಮುಗಿದ ಮೇಲೆ ಎಷ್ಟು ದಿನದವರೆಗೆ ಪ್ರವೇಶವಿರುತ್ತದೆ?

ಕೊನೆಯದಾಗಿ, ಗಡಿನಾಡಿನ ಕನ್ನಡಿಗರಾದ ನಮಗೆ ವಿಶೇಷವಾಗಿ ಸಲ್ಲುವ ಮಾತೊಂದಿದೆ. ಮುಚ್ಚಿದ ತಂತ್ರಾಂಶದಲ್ಲಿ ಕನ್ನಡ ಬೇಕೆಂದರೆ ಅದರ ಒಡೆಯರನ್ನು ಬೇಡಬೇಕು. ನಮ್ಮಂಥ ಸಣ್ಣ ಸಂಘದ ಬೇಡಿಕೆಗೆ ಅವರು ಕಿವಿಗೊಡುವುದು ಅಪರೂಪ. ಸ್ವತಂತ್ರ ತಂತ್ರಾಂಶದಲ್ಲಿ ಪರದೆಯ ಮೇಲಿನ ಮಾತುಗಳನ್ನು ನಾವೇ ಕನ್ನಡಕ್ಕೆ ತರಬಹುದು. ಯಾರ ಅಪ್ಪಣೆಯೂ ಬೇಡ. ವೇತನದ ಚೀಟಿಯನ್ನು ಚಾಲಕನೂ ಅಡುಗೆಯಾಕೆಯೂ ತಾವೇ ಓದಿ, ‘ಇಲ್ಲಿ ನನ್ನ ರಜೆ ಎರಡು ದಿನ ಹೆಚ್ಚು ಹಿಡಿದಿದೆ’ ಎಂದು ಕೇಳುವಂತಾದರೆ ಅದಕ್ಕಿಂತ ಒಳ್ಳೆಯ ಲೆಕ್ಕಪರಿಶೋಧನೆ ಇನ್ನೊಂದಿಲ್ಲ.

ಈ ವಿದ್ಯೆ ನಮ್ಮ ಮಕ್ಕಳಿಗೆ ಹೊಸತೂ ಅಲ್ಲ. ೨೦೦೧ರಲ್ಲಿ ಭಾರತದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಉದ್ಘಾಟನೆಯಾದದ್ದು ತಿರುವನಂತಪುರದಲ್ಲಿಯೇ. ಕೇರಳದ ಶಾಲೆಗಳ ಗಣಕಯಂತ್ರಗಳಲ್ಲಿ ‘ಕೈಟ್’ ಸಂಸ್ಥೆ ಸಿದ್ಧಪಡಿಸಿದ ಗ್ನು ಲಿನಕ್ಸ್ ವ್ಯವಸ್ಥೆಯಿದೆ. ಎಂಟನೆಯ ತರಗತಿಯ ಬಾಲಕನು ಅದರ ಮುಂದೆ ಕುಳಿತು ಪಾಠ ಕಲಿಯುತ್ತಿದ್ದಾನೆ. ಮಕ್ಕಳು ಪ್ರಯೋಗಶಾಲೆಯಲ್ಲಿ ಕಲಿತದ್ದನ್ನು ಹಿರಿಯರು ಕಚೇರಿಯಲ್ಲಿ ಆಚರಣೆಗೆ ತಂದರೆ ಕಲಿಕೆಗೂ ಬೆಲೆ ಬರುತ್ತದೆ. ಹಳೆಯ ವಿದ್ಯಾರ್ಥಿಗಳಲ್ಲಿ ಈ ಕಸುಬನ್ನು ಬಲ್ಲವರು ವರ್ಷಕ್ಕೆ ನಾಲ್ಕು ದಿನ ಬಿಡುವು ಮಾಡಿಕೊಂಡು, ಮರುಪ್ರತಿಯನ್ನು ಎಬ್ಬಿಸಿ ನೋಡುವ ಕೆಲಸಕ್ಕೆ ಬಂದರೆ ಸಂಘಕ್ಕೆ ಅದೂ ಒಂದು ದೇಣಿಗೆಯೇ. ದುಡಿದವರ ಲೆಕ್ಕ ದುಡಿಸಿಕೊಂಡವರಲ್ಲಿ ಸರಿಯಾಗಿರಬೇಕು. ‘ನಾನು ಬಂದ ವರ್ಷ ಯಾವುದು?’ ಎಂದು ಯಾರು ಬಂದು ಕೇಳಿದರೂ ಕುಳಿತಲ್ಲಿಯೇ ಉತ್ತರ ಹೇಳುವಂತಿರಬೇಕು. ನಮ್ಮ ಸಂಘದ ಮುಂದಿನ ವರ್ಷದ ಕಾರ್ಯಗಳಲ್ಲಿ ಇದಕ್ಕೂ ಒಂದು ಸ್ಥಾನ ದೊರೆಯಲೆಂದು ಹಾರೈಸುತ್ತೇನೆ.